ಮೈದಾನದ 2 ತಾಸು, ಉಳಿದ 22 ತಾಸು: ಆಟಗಾರರು ಮತ್ತು ಪಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಆರ್.ಎನ್. ಶೆಟ್ಟಿ ಕ್ರೀಡಾಂಗಣ ಇರಲಿ, ಹುಬ್ಬಳ್ಳಿಯ ನೆಹರೂ ಮೈದಾನ ಇರಲಿ, ಗದಗ, ಹಾವೇರಿಯ ಜಿಲ್ಲಾ ಕ್ರೀಡಾಂಗಣ ಇರಲಿ, ಕೋಚ್ ಸುತ್ತ ನಿಂತವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಹೆಜ್ಜೆ ಹೇಗಿಡಬೇಕು, ಕೈ ಹೇಗೆ ಬೀಸಬೇಕು ಅಂತ ಕೇಳುವವರು ಕಡಿಮೆ. ಹೆದರಿಕೆ, ನಿದ್ದೆ, ರೊಟ್ಟಿ, ಚಹಾ, ಮೊಬೈಲು, ಇವುಗಳ ಬಗ್ಗೆಯೇ ಜಾಸ್ತಿ. ಶಾಲೆ ಮಕ್ಕಳು, ಯೂನಿವರ್ಸಿಟಿ ಮೀಟ್‌ಗೆ ಹೋಗುವವರು, ಪೊಲೀಸ್ ಮತ್ತು ಸೇನಾ ಭರ್ತಿಗೆ ಓಡುವವರು, ಅವರ ಮನೆಯವರು, ಎಲ್ಲರನ್ನೂ ಮನಸ್ಸಿನಲ್ಲಿಟ್ಟು ಇದನ್ನು ಬರೆದಿದೆ. ಮೊದಲಿನಿಂದಲೇ ಓದಬೇಕೆಂದೇನಿಲ್ಲ, ನಿಮ್ಮ ಪ್ರಶ್ನೆ ಎಲ್ಲಿದೆಯೋ ಅಲ್ಲಿಂದ ಶುರು ಮಾಡಿ.

ನಮ್ಮ ಹುಡುಗ ಅಭ್ಯಾಸದಲ್ಲಿ ಛಲೋ ಓಡ್ತಾನೆ. ಸ್ಪರ್ಧೆ ದಿನ ಕೈಕಾಲೇ ಆಡೋದಿಲ್ಲ. ಮನಸ್ಸು ಗಟ್ಟಿ ಇಲ್ಲ ಅಂತಾನಾ?

ಅಷ್ಟು ಬೇಗ ಆ ತೀರ್ಪು ಕೊಡಬೇಡಿ. ಅವತ್ತು ಟ್ರ್ಯಾಕಿನಲ್ಲಿ ಏನಾಗುತ್ತದೆ ಅಂತ ಸುತ್ತು ಸುತ್ತಾಗಿ ನೋಡೋಣ.

ಪೊಲೀಸ್ ಕಾನ್‌ಸ್ಟೆಬಲ್ ಭರ್ತಿಯಲ್ಲಿ ಗಂಡುಮಕ್ಕಳು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು. ಸುತ್ತಿಗೆ 97 ಸೆಕೆಂಡ್ ಹಿಡಿದರೆ ಸಾಕು. ಅಭ್ಯಾಸದಲ್ಲಿ ಹುಡುಗ ಇದನ್ನು ಆರಾಮಾಗಿ ಮಾಡುತ್ತಾನೆ. ಭರ್ತಿ ದಿನ ಅಕ್ಕಪಕ್ಕ ಗುರುತಿಲ್ಲದ ಹುಡುಗರು, ಎದುರಿಗೆ ಸ್ಟಾಪ್‌ವಾಚ್ ಹಿಡಿದ ಸಾಹೇಬರು. ಸೀಟಿ ಊದಿದ ಕೂಡಲೇ ಮುಂದಿನವನ ಬೆನ್ನು ಹತ್ತುತ್ತಾನೆ. ಮೊದಲ ಸುತ್ತು 80 ಸೆಕೆಂಡಿಗೇ ಮುಗಿಯುತ್ತದೆ. ಅದು ಜೋರಾಯಿತು ಅಂತ ಅವನಿಗೆ ಅನಿಸುವುದೇ ಇಲ್ಲ, ಗಾಬರಿಗೆ ಮೈಯಲ್ಲಿ ಅಡ್ರಿನಲಿನ್ ಏರಿರುತ್ತದೆ. ಎರಡನೇ ಸುತ್ತು 95. ಮೂರನೆಯದರಲ್ಲಿ ಉಸಿರು ಸಾಲುವುದಿಲ್ಲ, 108. ಕೊನೆಯದರಲ್ಲಿ ತೊಡೆ ಎತ್ತಲಾಗುವುದಿಲ್ಲ, 112. ಒಟ್ಟು 6 ನಿಮಿಷ 35. ಐದು ಸೆಕೆಂಡಿನಲ್ಲಿ ನೌಕರಿ ಹೋಯಿತು.

ಬೇಲಿ ಆಚೆ ನಿಂತವರು ‘ಕೊನೆಗೆ ಧೈರ್ಯ ಬಿಟ್ಟ’ ಅನ್ನುತ್ತಾರೆ. ಕೆಟ್ಟಿದ್ದು ಮೊದಲ ಸುತ್ತಿನಲ್ಲಿ. ಹೆದರಿಕೆ ಅವನ ಕಾಲನ್ನು ಹಿಡಿಯಲಿಲ್ಲ, ಅಂದಾಜನ್ನು ಕೆಡಿಸಿತು. ಹಾಗಾಗಿ ಔಷಧವೂ ಅಲ್ಲೇ ಇದೆ. ತಿಂಗಳಿಗೆ ಎರಡು ಸಲವಾದರೂ ಭರ್ತಿಯಂತೆಯೇ ಓಡಿಸಿ. ಗುರುತಿಲ್ಲದ ಹುಡುಗರ ಜೊತೆ, ಎದೆಗೆ ನಂಬರ್ ಕಟ್ಟಿ, ಬೇರೆಯವರು ವಾಚ್ ಹಿಡಿದು. ಮೊದಲ 200 ಮೀಟರಿಗೆ 48 ಸೆಕೆಂಡ್ ಅಂದರೆ ಎಷ್ಟು ವೇಗ ಅನ್ನೋದು ವಾಚ್ ನೋಡದೆಯೇ ಕಾಲಿಗೆ ಗೊತ್ತಾಗಬೇಕು. ಗಾಬರಿ ಹೋಗುವುದಿಲ್ಲ. ಗಾಬರಿ ಇದ್ದಾಗಲೂ ಮಾಡುವ ಕೆಲಸ ರೂಢಿಯಾಗಿರುತ್ತದೆ.

ಎದೆ ಡವಡವ ಅನ್ನೋದನ್ನು ನಿಲ್ಲಿಸೋಕೆ ಏನಾದರೂ ಉಪಾಯ ಇದೆಯಾ?

ಪೂರ್ತಿ ನಿಲ್ಲಿಸಬೇಕಾಗಿಲ್ಲ. ಆ ಡವಡವವೇ ಸ್ನಾಯುಗಳಿಗೆ ರಕ್ತ ಕಳಿಸುತ್ತಿರುತ್ತದೆ. ಹಾರ್ವರ್ಡ್‌ನ ಸಂಶೋಧಕಿ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಹಾಡುವ, ಭಾಷಣ ಮಾಡುವ, ಗಣಿತ ಬಿಡಿಸುವ ಮೊದಲು ಕೆಲವರು ‘ನಾನು ಶಾಂತವಾಗಿದ್ದೇನೆ’ ಅಂತ, ಕೆಲವರು ‘ನನಗೆ ಹುರುಪು ಬಂದಿದೆ’ ಅಂತ ತಮಗೆ ತಾವೇ ಹೇಳಿಕೊಂಡರು. ಹುರುಪು ಅಂದವರೇ ಚೆನ್ನಾಗಿ ಮಾಡಿದರು. ಕುದಿಯುತ್ತಿರುವ ಮೈಗೆ ‘ಶಾಂತವಾಗು’ ಅನ್ನೋದು ಕಷ್ಟದ ಮಾತು. ಅದೇ ಕುದಿತಕ್ಕೆ ಬೇರೆ ಅರ್ಥ ಕೊಡುವುದು ಸುಲಭ.

ಅತಿಯಾದರೆ ಉಸಿರು ನೋಡಿಕೊಳ್ಳಿ. ಒಳಗೆ ಎಳೆದುಕೊಂಡಿದ್ದಕ್ಕಿಂತ ಹೊರಗೆ ಬಿಡುವುದು ಉದ್ದ ಇರಲಿ. ನಾಲ್ಕು ಎಣಿಸಿ ಎಳೆದುಕೊಂಡರೆ ಆರು ಎಣಿಸಿ ಬಿಡಿ. ಒಂದೆರಡು ನಿಮಿಷ ಸಾಕು.

ಗೆರೆ ಹತ್ತಿರ ನಿಂತು ‘ಧೈರ್ಯ ಮಾಡಲೇ ತಮ್ಮಾ’ ಅಂತ ಕೂಗಿದರೆ ಸಾಲದಾ?

ಕೂಗಿ, ಕೂಗುವುದು ಪ್ರೀತಿಯಿಂದ. ಆದರೆ ‘ಧೈರ್ಯ’ ಅನ್ನುವುದು ಮಾಡುವ ಕೆಲಸ ಅಲ್ಲ. ‘ಭುಜ ಸಡಿಲ ಬಿಡು’, ‘ತಿರುವಿನಲ್ಲಿ ಒಳಗೆರೆ ಹಿಡಿ’, ‘ಚೆಂಡು ಕೈಗೆ ಬರೋವರೆಗೂ ನೋಡು’, ಇವು ಮಾಡುವ ಕೆಲಸ. ತಲೆಯಲ್ಲಿ ಕೆಲಸ ಇದ್ದಾಗ ಹೆದರಿಕೆಗೆ ಜಾಗ ಕಡಿಮೆ ಸಿಗುತ್ತದೆ. ಆಟಗಾರ ತನಗೆ ತಾನೇ ಹೇಳಿಕೊಳ್ಳುವ ಮಾತಿಗೂ ಇದೇ ನಿಯಮ. ಎರಡೇ ಶಬ್ದ ಇರಲಿ, ಅಭ್ಯಾಸದಲ್ಲೂ ಅವೇ ಇರಲಿ.

ಕಬಡ್ಡಿ, ಖೋ-ಖೋ ಆಡಿಸುವವರಿಗೆ ಒಂದು ಮಾತು. ಚೆನ್ನಾಗಿ ಪಳಗಿದ ಆಟಗಾರನಿಗೆ ಪಂದ್ಯದ ನಡುವೆ ‘ಕಾಲು ಹಿಂಗಿಡು, ಸೊಂಟ ಹಂಗೆ ತಿರುಗಿಸು’ ಅಂತ ಪಾಠ ಶುರು ಮಾಡಬೇಡಿ. ತಾನಾಗಿ ಆಗುತ್ತಿದ್ದ ಚಲನೆಯನ್ನು ಅವನು ಯೋಚಿಸಿ ಮಾಡಲು ಹೋಗಿ ಮುಗ್ಗರಿಸುತ್ತಾನೆ. ಪಾಠ ಸೋಮವಾರ ಮಾಡಿ.

ದಿನಾ ಬೆಳಿಗ್ಗೆ ಮೋಟಿವೇಷನ್ ವಿಡಿಯೋ ನೋಡ್ತೀನಿ. ಒಳ್ಳೆಯದಲ್ವಾ?

ಹತ್ತು ನಿಮಿಷದ ಹುರುಪು ಬರುತ್ತದೆ. ಅದು ಶೂ ಕಟ್ಟಿಕೊಂಡು ಹೊರಗೆ ಬೀಳಲು ಸಾಕಾದರೆ ನೋಡಿ, ತಕರಾರಿಲ್ಲ. ಆ ವಿಡಿಯೋಗಳಲ್ಲಿ ಬರುವ ಒಂದು ಕಥೆಯ ಬಗ್ಗೆ ಮಾತ್ರ ತಕರಾರು ಇದೆ. ಒಂದು ಮೈಲಿಯನ್ನು 4 ನಿಮಿಷದೊಳಗೆ ಓಡುವುದು ಮನುಷ್ಯನಿಂದ ಆಗದು ಅಂತ ಎಲ್ಲರೂ ನಂಬಿದ್ದರಂತೆ. ರೋಜರ್ ಬ್ಯಾನಿಸ್ಟರ್ ಓಡಿ ತೋರಿಸಿದ ಮೇಲೆ ಎಲ್ಲರ ಮನಸ್ಸಿನ ಬೀಗ ತೆರೆದು, ಸಾಲಾಗಿ ಎಲ್ಲರೂ ಓಡಿಬಿಟ್ಟರಂತೆ.

ನಡೆದದ್ದು ಇದು. 1954ರ ಮೇ 6ರಂದು ಆಕ್ಸ್‌ಫರ್ಡ್‌ನಲ್ಲಿ ಬ್ಯಾನಿಸ್ಟರ್ 3 ನಿಮಿಷ 59.4 ಸೆಕೆಂಡಿನಲ್ಲಿ ಮೈಲಿ ಮುಗಿಸಿದ. ಆಗ ಅವನು ವೈದ್ಯಕೀಯ ಓದುತ್ತಿದ್ದ. ದೇಹ ಆಮ್ಲಜನಕವನ್ನು ಹೇಗೆ ಬಳಸುತ್ತದೆ ಅನ್ನೋದು ಅವನ ಓದಿನ ವಿಷಯವೇ ಆಗಿತ್ತು. ಕ್ರಿಸ್ ಬ್ರ್ಯಾಷರ್, ಕ್ರಿಸ್ ಚಾಟವೇ ಅನ್ನುವ ಗೆಳೆಯರು ಮುಂದೆ ಓಡಿ ಅವನಿಗೆ ವೇಗ ಹಿಡಿದುಕೊಟ್ಟರು. ಆರೇಳು ವಾರದಲ್ಲಿ ಆಸ್ಟ್ರೇಲಿಯಾದ ಜಾನ್ ಲ್ಯಾಂಡಿ 3 ನಿಮಿಷ 57.9 ಓಡಿದ ನಿಜ. ಆದರೆ ಲ್ಯಾಂಡಿ ಅದಕ್ಕೂ ಮೊದಲೇ ಹಲವು ಸಲ 4 ನಿಮಿಷದ ಹೊಸ್ತಿಲಿಗೆ ಬಂದು ನಿಂತಿದ್ದವನು. ಬೀಗ ತೆರೆದದ್ದು ವರ್ಷಗಟ್ಟಲೆ ಮಾಡಿದ ತಾಲೀಮು. ನಂಬಿಕೆ ಬೇಕು, ಖಂಡಿತ ಬೇಕು. ಆದರೆ ನಿಲ್ಲುವ ನಂಬಿಕೆ ನೀವು ಮಾಡಿದ ಕೆಲಸದ ಲೆಕ್ಕದಿಂದಲೇ ಬರುತ್ತದೆ. ಒಂದು ನೋಟ್‌ಬುಕ್ ಇಟ್ಟುಕೊಂಡು ದಿನದ ಓಟ, ಸಮಯ, ನಿದ್ದೆ ಬರೆದಿಡಿ. ಸ್ಪರ್ಧೆಯ ಮೊದಲು ಅದನ್ನು ತಿರುವಿ ಹಾಕುವುದು ಯಾವ ವಿಡಿಯೋಗಿಂತಲೂ ಗಟ್ಟಿ.

ರಾತ್ರಿ 12ಕ್ಕೆ ಮಲಗಿ 4.30ಕ್ಕೆ ಏಳ್ತೀನಿ. ಕಷ್ಟಪಟ್ಟರೆ ತಾನೇ ಫಲ?

ಧಾರವಾಡದಲ್ಲಿ ಜಾಸ್ತಿ ಕೇಳಿಬರುವ ಪ್ರಶ್ನೆ ಇದು. ಸಪ್ತಾಪುರದ ರೂಮುಗಳಲ್ಲಿ ಇರುವ ಹುಡುಗರ ದಿನಚರಿ ಗೊತ್ತಿರುವುದೇ. ಕತ್ತಲಲ್ಲಿ ಎದ್ದು ಓಟ, ಆಮೇಲೆ ಕೋಚಿಂಗ್ ಕ್ಲಾಸು, ಲೈಬ್ರರಿ, ರಾತ್ರಿ ಮೆಸ್ಸಿನ ಊಟ, ಮತ್ತೆ ಓದು, ಕೊನೆಗೆ ಮೊಬೈಲು. ನಿದ್ದೆಗೆ ಉಳಿಯುವುದು ನಾಲ್ಕೂವರೆ ತಾಸು. ಇದನ್ನು ತಪಸ್ಸು ಅಂತ ಕರೆಯುವವರಿದ್ದಾರೆ. ನನ್ನ ಪ್ರಕಾರ ಇದು ಕಷ್ಟಪಟ್ಟು ಗಳಿಸಿದ್ದನ್ನು ರಾತ್ರಿ ಚೆಲ್ಲುವ ಕೆಲಸ.

ಓಡಿದಾಗ ಸ್ನಾಯು ಬಲ ಆಗುವುದಿಲ್ಲ, ಸಣ್ಣಗೆ ಹರಿಯುತ್ತದೆ. ಅದು ಕೂಡಿಕೊಂಡು ಮೊದಲಿಗಿಂತ ಗಟ್ಟಿಯಾಗುವುದು ಆರಾಮದ ಹೊತ್ತಿನಲ್ಲಿ. ಬೆಳವಣಿಗೆಯ ಹಾರ್ಮೋನ್ ಜಾಸ್ತಿ ಸುರಿಯುವುದು ಗಾಢ ನಿದ್ದೆಯಲ್ಲಿ. ಹಗಲು ಕಲಿತ ಚಲನೆ, ಓದಿದ ಪಾಠ ಎರಡೂ ತಲೆಯಲ್ಲಿ ಕೂರುವುದೂ ಆಗಲೇ. 13ರಿಂದ 18 ವರ್ಷದವರಿಗೆ 8ರಿಂದ 10 ತಾಸು, ದೊಡ್ಡವರಿಗೆ ಕನಿಷ್ಠ 7 ತಾಸು ನಿದ್ದೆ ಬೇಕು ಅಂತ ವೈದ್ಯರು ಹೇಳುವುದು ಇದಕ್ಕೇ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ಹುಡುಗರ ಮೇಲೆ ಚೆರಿ ಮಾ ಮತ್ತು ಸಂಗಡಿಗರು ಒಂದು ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದರು. ಹುಡುಗರಿಗೆ ಹೇಳಿದ್ದು ಇಷ್ಟೇ: ಕೆಲವು ವಾರ ರಾತ್ರಿ 10 ತಾಸು ಹಾಸಿಗೆಯಲ್ಲಿರಿ. ಅಂಕಣದ ಓಟದ ಸಮಯ 16.2 ಸೆಕೆಂಡಿನಿಂದ 15.5ಕ್ಕೆ ಇಳಿಯಿತು. ಫ್ರೀ ಥ್ರೋ ಗುರಿ ಶೇಕಡಾ 9ರಷ್ಟು ಸುಧಾರಿಸಿತು. ತಂಡ ಚಿಕ್ಕದು, ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ, ಹಾಗಾಗಿ ಅದೇ ಅಂಕಿ ನಿಮಗೂ ಸಿಗುತ್ತದೆ ಅಂತ ಹೇಳಲಾಗದು. ಆದರೆ ಯಾವ ದಿಕ್ಕಿಗೆ ಹೋಗುತ್ತದೆ ಅನ್ನೋದು ಸ್ಪಷ್ಟ ಅಲ್ವಾ?

ಓದೂ ಆಗಬೇಕು, ಓಟವೂ ಆಗಬೇಕು ಅಂದರೆ ಹೀಗೆ ಮಾಡಿ ನೋಡಿ. ರಾತ್ರಿ 10ಕ್ಕೆ ದೀಪ ಆರಿಸಿ, 5.30ಕ್ಕೆ ಏಳಿ. ವಾರಕ್ಕೆ ಆರು ದಿನ ಅರೆನಿದ್ದೆಯಲ್ಲಿ ಓಡುವ ಬದಲು ನಾಲ್ಕು ದಿನ ಸರಿಯಾಗಿ ಓಡಿ. ಮಧ್ಯಾಹ್ನ 20-30 ನಿಮಿಷ ಮಲಗಿದರೆ ಒಳ್ಳೆಯದು. ಒಂದೂವರೆ ತಾಸು ಮಲಗಿದರೆ ರಾತ್ರಿ ನಿದ್ದೆ ಬರುವುದಿಲ್ಲ.

ಮೊಬೈಲ್ ನೋಡೋದು ಕಣ್ಣಿನ ಕೆಲಸ. ಕಾಲಿಗೂ ಅದಕ್ಕೂ ಏನು ಸಂಬಂಧ?

ಇದೆ. ಸ್ಯಾಮುಯೆಲ್ ಮಾರ್ಕೋರಾ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 16 ಜನರನ್ನು ಸೈಕಲ್ ತುಳಿಸಿದರು. ಒಂದು ದಿನ ಸುಮ್ನೆ ಸಾಕ್ಷ್ಯಚಿತ್ರ ತೋರಿಸಿ, ಇನ್ನೊಂದು ದಿನ ಕಂಪ್ಯೂಟರ್ ಮುಂದೆ 90 ನಿಮಿಷ ತಲೆ ತಿನ್ನುವ ಕೆಲಸ ಕೊಟ್ಟು. ತಲೆ ದಣಿಯದ ದಿನ ಸರಾಸರಿ 754 ಸೆಕೆಂಡ್ ತುಳಿದವರು, ದಣಿದ ದಿನ 640ಕ್ಕೇ ಕೈಬಿಟ್ಟರು. ಹೃದಯ, ಉಸಿರು, ರಕ್ತ ಎಲ್ಲ ಹೆಚ್ಚುಕಡಿಮೆ ಒಂದೇ ರೀತಿ ಕೆಲಸ ಮಾಡುತ್ತಿದ್ದವು. ವ್ಯತ್ಯಾಸ ಇದ್ದದ್ದು ಒಂದರಲ್ಲಿ, ಅದೇ ಶ್ರಮ ಅವರಿಗೆ ಜಾಸ್ತಿ ಕಷ್ಟ ಅನಿಸಿತು. ‘ಇನ್ನು ಆಗೋದಿಲ್ಲ’ ಅನ್ನುವ ಗಳಿಗೆ ಬೇಗ ಬಂತು.

ಮನಸ್ಸು ಆಟದ ಮೇಲೆ ಹೇಗೆ ಕೆಲಸ ಮಾಡುತ್ತದೆ ಅನ್ನೋದಕ್ಕೆ ಇದಕ್ಕಿಂತ ಚಂದದ ಉದಾಹರಣೆ ನನಗೆ ಗೊತ್ತಿಲ್ಲ. ಮೈದಾನಕ್ಕೆ ಬರುವ ಮೊದಲಿನ ಒಂದು ತಾಸು ರೀಲ್ಸ್, ಗೇಮ್ಸ್ ಬೇಡ. ಕಠಿಣ ಗಣಿತವೂ ಬೇಡ. ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಅಭ್ಯಾಸಕ್ಕೆ ಬರುವವರು ಕಿಟಕಿ ಆಚೆ ನೋಡುತ್ತ ಬನ್ನಿ. ಬೇಜಾರಾಗುತ್ತದೆ, ಆಗಲಿ.

ಬೆಳಿಗ್ಗೆ ಓಡಬೇಕಾ, ಸಂಜೆಯಾ?

ಹೆಚ್ಚಿನವರ ಮೈ ಬಿಸಿ ಸಂಜೆ ಹೊತ್ತಿಗೆ ಏರಿರುತ್ತದೆ, ಜೋರು ಓಟ ಮತ್ತು ಜಿಗಿತಕ್ಕೆ ಆಗ ಅನುಕೂಲ. ಆದರೆ ನಿಮ್ಮ ಸ್ಪರ್ಧೆ ಬೆಳಿಗ್ಗೆ 6ಕ್ಕೆ ಇದ್ದರೆ ಬೆಳಿಗ್ಗೆಯೇ ಅಭ್ಯಾಸ ಮಾಡಿ. ಮೈ ಆ ಹೊತ್ತಿಗೆ ಹೊಂದಿಕೊಳ್ಳುತ್ತದೆ.

ನಾವು ರೊಟ್ಟಿ-ಪಲ್ಯ ತಿನ್ನೋ ಮಂದಿ. ಮಾಂಸ ಇಲ್ಲದೆ ಶಕ್ತಿ ಬರುತ್ತಾ?

ಬರುತ್ತದೆ, ಲೆಕ್ಕ ಹಾಕಿ ತಿಂದರೆ. ದಿನಾ ಅಭ್ಯಾಸ ಮಾಡುವವರಿಗೆ ದೇಹದ ಒಂದು ಕಿಲೋ ತೂಕಕ್ಕೆ 1.2ರಿಂದ 2 ಗ್ರಾಂ ಪ್ರೋಟೀನ್ ಬೇಕು. 50 ಕಿಲೋ ಇರುವ ಹುಡುಗನಿಗೆ 70 ಗ್ರಾಂ ಅಂತ ಇಟ್ಟುಕೊಳ್ಳಿ. ದಿನಕ್ಕೆ ನಾಲ್ಕು ಜೋಳದ ರೊಟ್ಟಿಯಲ್ಲಿ ಸುಮಾರು 24 ಗ್ರಾಂ ಸಿಗುತ್ತದೆ. 50 ಗ್ರಾಂ ಹೆಸರುಕಾಳಿನ ಉಸಲಿಯಲ್ಲಿ 12. ಅಷ್ಟೇ ಶೇಂಗಾದಲ್ಲಿ ಇನ್ನೊಂದು 12. ಹಾಲು, ಮೊಸರು ಸೇರಿ ಅರ್ಧ ಲೀಟರಿಗೆ 16. ಇಲ್ಲಿಗೇ 64 ಆಯಿತು. ಬೇಳೆ ಸಾರು ಉಳಿದದ್ದನ್ನು ತುಂಬಿಸುತ್ತದೆ. ಮೊಟ್ಟೆ ತಿನ್ನುವವರಾದರೆ ಒಂದಕ್ಕೆ 6 ಗ್ರಾಂ.

ತೊಂದರೆ ಇರುವುದು ರೊಟ್ಟಿಯಲ್ಲಲ್ಲ. ಅಭ್ಯಾಸ ಮುಗಿಸಿ ಹಸಿದು ಬಂದವರು ಸ್ಟ್ಯಾಂಡಿನ ಹತ್ತಿರ ಮಿರ್ಚಿ-ಮಂಡಕ್ಕಿ ತಿಂದು, ಮನೆಗೆ ಹೋಗಿ ‘ಹಸಿವಿಲ್ಲ’ ಅನ್ನುವುದರಲ್ಲಿ. ಗಿರ್ಮಿಟ್ ಯಾರಿಗೆ ಇಷ್ಟ ಇಲ್ಲ ಹೇಳಿ, ನನಗೂ ಇಷ್ಟ. ವಾರಕ್ಕೊಮ್ಮೆ ತಿನ್ನಿ. ಉಳಿದ ದಿನ ಬ್ಯಾಗಿನಲ್ಲಿ ಎರಡು ಬಾಳೆಹಣ್ಣು, ಒಂದು ಹಿಡಿ ಹುರಿದ ಶೇಂಗಾ, ಸ್ವಲ್ಪ ಬೆಲ್ಲ ಇರಲಿ. ಮೈದಾನದಲ್ಲೇ ತಿಂದು, ಆಮೇಲೆ ಮನೆ ಊಟ ಮಾಡಿ.

ಮಗಳು ಖೋ-ಖೋ ಆಡ್ತಾಳೆ. ಇತ್ತೀಚೆಗೆ ಬೇಗ ಸುಸ್ತಾಗ್ತಾಳೆ, ಆಸಕ್ತಿನೇ ಇಲ್ಲ. ಆಟ ಸಾಕಾಗಿದೆಯಾ?

ಮೊದಲು ರಕ್ತ ಪರೀಕ್ಷೆ ಮಾಡಿಸಿ, ಮನಸ್ಸಿನ ಮಾತು ಆಮೇಲೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ಸ್ನಾಯುಗಳಿಗೆ ಆಮ್ಲಜನಕ ಸಾಲುವುದಿಲ್ಲ. ಅಂಥ ಹುಡುಗಿಗೆ ‘ಸೋಮಾರಿ ಆಗಿದ್ದೀ’ ಅನ್ನುವುದು ಅನ್ಯಾಯ. ಅವಳು ಅರ್ಧ ಇಂಧನದಲ್ಲಿ ಪೂರ್ತಿ ಆಟ ಆಡುತ್ತಿರುತ್ತಾಳೆ. ಹಿಮೋಗ್ಲೋಬಿನ್ ಸರಿ ಇದ್ದರೂ ಮೈಯಲ್ಲಿ ಕಬ್ಬಿಣದ ಸಂಗ್ರಹ ಖಾಲಿಯಾಗಿರಬಹುದು. ಫೆರಿಟಿನ್ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ.

ಊಟದಲ್ಲಿ ಕಾಳು, ಮೆಂತ್ಯ, ರಾಜಗಿರಿ ಸೊಪ್ಪು ಇರಲಿ, ಮೇಲೆ ನಿಂಬೆಹಣ್ಣು ಹಿಂಡಿ. ನಿಂಬೆಯ ವಿಟಮಿನ್ ಸಿ ಇದ್ದರೆ ಸೊಪ್ಪು-ಕಾಳಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ.

ಇನ್ನೊಂದು ವಿಷಯ, ನಮ್ಮ ಕಡೆ ಜನ ಬಾಯಿ ಬಿಟ್ಟು ಕೇಳುವುದಿಲ್ಲ. ಆಟಗಾರ್ತಿಗೆ ಮುಟ್ಟು ಮೂರು ತಿಂಗಳಿಂದ ನಿಂತಿದ್ದರೆ ‘ಜಾಸ್ತಿ ಓಡ್ತಾಳಲ್ಲ, ಹಂಗೇ ಆಗುತ್ತೆ’ ಅಂತ ಬಿಡಬೇಡಿ. ಶ್ರಮಕ್ಕೆ ತಕ್ಕ ಊಟ ಸಿಗದಿದ್ದಾಗ ದೇಹ ಒಂದೊಂದೇ ಕೆಲಸ ನಿಲ್ಲಿಸುತ್ತ ಬರುತ್ತದೆ. ಅದು ಹಾಗೇ ಮುಂದುವರಿದರೆ ಎಲುಬು ಸವೆದು ಬಿರುಕು ಬಿಡಬಹುದು. ಸ್ತ್ರೀರೋಗ ತಜ್ಞರ ಹತ್ತಿರ ಕರೆದುಕೊಂಡು ಹೋಗಿ. ಕೋಚ್ ಗಂಡಸಾದರೆ ತಂಡದಲ್ಲಿ ಈ ಮಾತು ಕೇಳಲು ಒಬ್ಬ ಟೀಚರ್ ಅಥವಾ ಹಿರಿಯ ಅಕ್ಕ ಇರಲೇಬೇಕು.

ಚಹಾ ಬಿಡಬೇಕಾ?

ಬಿಡಬೇಕಾಗಿಲ್ಲ. ಊಟದ ಹಿಂದೆಯೇ ಕುಡಿಯಬೇಡಿ, ಒಂದು ತಾಸು ಬಿಡಿ. ಚಹಾ ಕಬ್ಬಿಣವನ್ನು ಮೈಗೆ ಸೇರಗೊಡುವುದಿಲ್ಲ. ಸಂಜೆ 5ರ ನಂತರ ಬೇಡ. ಕುಡಿದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ತಾಸು ಬೇಕು.

ಗುಟ್ಕಾ ಹಾಕಿದ್ರೆ ಚುರುಕು ಬರುತ್ತೆ ಅಂತಾರೆ ಸೀನಿಯರ್ಸ್.

ಬರುವುದು ನಿಕೋಟಿನ್‌ನ ಕಿಕ್. ಎದೆಬಡಿತ ಏರುತ್ತದೆ, ರಕ್ತನಾಳ ಬಿಗಿಯುತ್ತದೆ. ಓಡುವವನಿಗೆ ಎರಡೂ ನಷ್ಟ. ವರ್ಷಗಟ್ಟಲೆ ಅಡಿಕೆ ಅಗಿದವರ ಬಾಯಿ ಮೂರು ಬೆರಳು ಹೋಗದಷ್ಟು ಬಿಗಿದುಕೊಳ್ಳುತ್ತದೆ. ಆ ಸೀನಿಯರ್‌ಗೆ ಬಾಯಿ ಪೂರ್ತಿ ತೆರೆದು ತೋರಿಸಲು ಹೇಳಿ.

ಜಿಮ್‌ನಲ್ಲಿ ಪೌಡರ್, ಇಂಜೆಕ್ಷನ್ ಕೊಡ್ತೀವಿ ಅಂತಿದ್ದಾರೆ.

ಇಂಜೆಕ್ಷನ್ ಅಂದ ಕೂಡಲೇ ಎದ್ದು ಬನ್ನಿ. ಸ್ಟಿರಾಯ್ಡ್‌ನಿಂದ ಯಕೃತ್ತು, ಹೃದಯ ಕೆಡುತ್ತವೆ, ಗಂಡಸರಲ್ಲಿ ವೀರ್ಯ ಉತ್ಪತ್ತಿ ಕುಗ್ಗುತ್ತದೆ. ಪ್ರೋಟೀನ್ ಪೌಡರ್ ವಿಷವಲ್ಲ, ಆದರೆ ಮೇಲಿನ ಊಟದ ಲೆಕ್ಕ ನೋಡಿದಿರಲ್ಲ, ಹೆಚ್ಚಿನವರಿಗೆ ಅದು ಬೇಕಾಗುವುದೇ ಇಲ್ಲ. ರಾಜ್ಯ, ರಾಷ್ಟ್ರಮಟ್ಟದಲ್ಲಿ ಆಡುವವರು ಇನ್ನೂ ಹುಷಾರಾಗಿರಬೇಕು. ಡಬ್ಬಿಯ ಮೇಲೆ ಬರೆಯದ ನಿಷೇಧಿತ ವಸ್ತು ಒಳಗಿದ್ದರೂ ಸಿಕ್ಕಿಬೀಳುವುದು ಆಟಗಾರನೇ. ‘ನನಗೆ ಗೊತ್ತಿರಲಿಲ್ಲ’ ಅಂದ ಮಾತ್ರಕ್ಕೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ನಾಡಾ, ಕೈಬಿಡುವುದಿಲ್ಲ. ನೆಗಡಿ ಮಾತ್ರೆಗೂ ಇದೇ ಎಚ್ಚರ. ಆಟಗಾರ ಅಂತ ಡಾಕ್ಟರಿಗೆ ಮೊದಲೇ ಹೇಳಿ.

ಹಳೇ ಪೈಲ್ವಾನರಿಗೆ ಇದ್ಯಾವ ವಿಜ್ಞಾನನೂ ಇರಲಿಲ್ಲ. ಗರಡಿ ಮನೆ ಪದ್ಧತಿ ಸಾಕಲ್ವಾ?

ಗರಡಿ ಮನೆಯಲ್ಲಿ ವಿಜ್ಞಾನ ಇರಲಿಲ್ಲ ಅಂದವರು ಯಾರು? ಹಳ್ಳಿಯ ಗರಡಿಗಳಲ್ಲಿ ವಸ್ತಾದರು, ಅಂದರೆ ಕುಸ್ತಿ ಕಲಿಸುವ ಗುರುಗಳು, ನಡೆಸಿಕೊಂಡು ಬಂದ ಶಿಸ್ತು ನೋಡಿ. ಸೂರ್ಯ ಹುಟ್ಟುವ ಮೊದಲು ಏಳುವುದು, ಅದಕ್ಕಾಗಿ ರಾತ್ರಿ ಬೇಗ ಮಲಗುವುದು. ಅರಿಶಿನ, ಮಜ್ಜಿಗೆ, ಎಣ್ಣೆ ಬೆರೆಸಿ ಹದ ಮಾಡಿದ ಕೆಂಪು ಮಣ್ಣಿಗೆ ಕೈ ಮುಗಿದೇ ಇಳಿಯುವುದು. ದಂಡ, ಬಸ್ಕಿ ಎಣಿಸಿ ಮಾಡುವುದು. ತಾಲೀಮು ಮುಗಿದ ಮೇಲೆ ಹಾಲು, ಬಾದಾಮಿ. ಮೈ ತಿಕ್ಕಿಸಿಕೊಂಡು ಆರಾಮ. ಚಟಗಳಿಗೆ ಬಾಗಿಲು ಬಂದ್. ಇಂದಿನ ಕ್ರೀಡಾ ಮನಶ್ಶಾಸ್ತ್ರದವರು ‘ಸ್ಪರ್ಧೆಗೆ ಮೊದಲಿನ ದಿನಚರಿ’ ಅಂತ ಹೇಳಿಕೊಡುವುದನ್ನೇ ಪೈಲ್ವಾನ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು, ತೊಡೆ ತಟ್ಟಿ ಮಾಡುತ್ತಿದ್ದ. ದಿನಾ ಅದೇ ಮಣ್ಣು, ಅದೇ ಕ್ರಮ. ಕಣಕ್ಕೆ ಇಳಿದಾಗ ಮೈಗೆ ‘ಇದು ಗೊತ್ತಿರುವ ಕೆಲಸ’ ಅನಿಸುತ್ತಿತ್ತು.

ಎರಡು ವಿಷಯದಲ್ಲಿ ಹಳೆಯದನ್ನು ಬಿಡಬೇಕು. ತಾಲೀಮಿನ ನಡುವೆ ನೀರು ಕುಡಿಯಬಾರದು ಅನ್ನುವುದು ತಪ್ಪು. ನೋವಾದರೂ ಆಡು ಅನ್ನುವುದೂ ತಪ್ಪು. ಊದಿಕೊಂಡ ಮಂಡಿಯ ಮೇಲೆ ಬಸ್ಕಿ ಹೊಡೆದರೆ ಅದು ಶೌರ್ಯ ಅಲ್ಲ.

ಬೇಸಿಗೆಯಲ್ಲಿ ಎಷ್ಟು ನೀರು?

ಎಲ್ಲರಿಗೂ ಒಂದೇ ಅಳತೆ ಹೇಳಲಾಗದು. ಏಪ್ರಿಲ್-ಮೇ ತಿಂಗಳಲ್ಲಿ ಗದಗಿನ ಬಿಸಿಲೂ ಧಾರವಾಡದ ಬಿಸಿಲೂ ಒಂದೇ ಅಲ್ಲ. ಅಭ್ಯಾಸದ ಮೊದಲು, ನಂತರ ತೂಕ ನೋಡಿ. 50 ಕಿಲೋ ಇದ್ದವರು 49ಕ್ಕೆ ಇಳಿದಿದ್ದರೆ ಸುಮಾರು ಒಂದು ಲೀಟರ್ ನೀರು ಬೆವರಾಗಿ ಹೋಗಿದೆ. ಅಂದರೆ ಶೇಕಡಾ 2. ಅಲ್ಲಿಂದ ಓಟವೂ ಕುಗ್ಗುತ್ತದೆ, ತಲೆಯೂ ಮಂಕಾಗುತ್ತದೆ, ತಪ್ಪು ಪಾಸ್ ಹೋಗುವುದು ಆಗಲೇ. ಉಪ್ಪು ಹಾಕಿದ ಮಜ್ಜಿಗೆ ನಮ್ಮ ಕಡೆಯ ಒಳ್ಳೆಯ ಪಾನೀಯ. ಬಣ್ಣದ ಎನರ್ಜಿ ಡ್ರಿಂಕ್ ಬೇಕಿಲ್ಲ. ಜಾಸ್ತಿ ಬೆವರಿದ ದಿನ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ. ಟೀ ಚಮಚದ ಲೆಕ್ಕ ಇದು.

ಶ್ರಾವಣ ಸೋಮವಾರ, ರಂಜಾನ್ ಉಪವಾಸ ಇದ್ದಾಗ ಅಭ್ಯಾಸ ಮಾಡಬಹುದಾ?

ಮಾಡಬಹುದು, ಹೊತ್ತು ಬದಲಿಸಿ. ರಂಜಾನಿನಲ್ಲಿ ಹಗುರ ಅಭ್ಯಾಸವನ್ನು ಇಫ್ತಾರಿಗೆ ಸ್ವಲ್ಪ ಮೊದಲು ಮುಗಿಯುವಂತೆ ಇಟ್ಟುಕೊಳ್ಳಿ. ಜೋರಿನದು ಊಟ ಆಗಿ ಎರಡು ತಾಸಿನ ಮೇಲೆ. ಸೋಮವಾರ ಒಪ್ಪೊತ್ತು ಇರುವವರು ಅದನ್ನೇ ಆರಾಮದ ದಿನ ಮಾಡಿಕೊಳ್ಳಿ. ಸ್ಪರ್ಧೆ ದಿನ ಸಿದ್ಧಾರೂಢ ಮಠಕ್ಕೆ ಹೋಗಿ ಕೈ ಮುಗಿದು ಬರಬೇಕು ಅನಿಸಿದರೆ ಹೋಗಿಬನ್ನಿ, ಮನಸ್ಸು ಹಗುರಾಗುತ್ತದೆ. ಆದರೆ ಖಾಲಿ ಹೊಟ್ಟೆಯಲ್ಲಿ ಬಿಸಿಲಿನ ಸಾಲಿನಲ್ಲಿ ನಿಂತು, ಅಲ್ಲಿಂದ ನೇರ ಮೈದಾನಕ್ಕೆ ಬರಬೇಡಿ. ಹಿಂದಿನ ದಿನ ಹೋದರೂ ಸಿದ್ಧಾರೂಢ ಅಜ್ಜ ಬೇಡ ಅನ್ನುವುದಿಲ್ಲ.

ಎಸ್ಸೆಸ್ಸೆಲ್ಸಿ ವರ್ಷ. ಆಟ ಬಿಡಿಸಲೇ?

ಪೂರ್ತಿ ಬಿಡಿಸಬೇಡಿ. ದಿನದ ಒಂದು ತಾಸು ಆಟದಿಂದ ಅಂಕ ಕಡಿಮೆಯಾಗುತ್ತದೆ ಅನ್ನುವುದನ್ನು ಈವರೆಗಿನ ಅಧ್ಯಯನಗಳು ಒಪ್ಪುವುದಿಲ್ಲ. ದೂರದ ಪಂದ್ಯಾವಳಿ ಕಡಿಮೆ ಮಾಡಿ, ಅಭ್ಯಾಸ ಅರ್ಧಕ್ಕಿಳಿಸಿ. ಆಟ ಬಿಡಿಸಿದ ಮಗು ಆ ಹೊತ್ತಿನಲ್ಲಿ ಪುಸ್ತಕವನ್ನೇ ಹಿಡಿಯುತ್ತದೆ ಅಂತ ನಿಮಗೆ ಯಾರು ಹೇಳಿದರು?

ಸೋತು ಬಂದಾಗ ಏನು ಹೇಳಬೇಕು?

ಮೊದಲು ಊಟಕ್ಕೆ ಕರೆಯಿರಿ. ಮೈದಾನದಿಂದ ಮನೆಗೆ ಬರುವ ದಾರಿಯಲ್ಲಿ ಬೈಕಿನ ಮೇಲೆ ನಡೆಯುವ ವಿಚಾರಣೆ ಮಕ್ಕಳಿಗೆ ಸೋಲಿಗಿಂತ ಜಾಸ್ತಿ ನೆನಪಿರುತ್ತದೆ. ‘ಪಕ್ಕದ ಮನೆಯವನು ನೋಡು’ ಅನ್ನುವ ಮಾತಂತೂ ಬೇಡವೇ ಬೇಡ. ಮರುದಿನ ಕೇಳಿ: ಯಾವುದು ಸರಿ ಬಂತು, ಯಾವುದು ಕೈಕೊಟ್ಟಿತು, ಮುಂದಿನ ವಾರ ಏನು ಮಾಡೋಣ. ಗೆದ್ದಾಗಲೂ ಇದೇ ಮೂರು ಪ್ರಶ್ನೆ ಕೇಳಿ. ಗೆದ್ದಾಗ ಪೇಡಾ, ಸೋತಾಗ ಮೌನ ಅಂತಾದರೆ ಮಗು ಆಡುವುದು ಪೇಡಾಕ್ಕಾಗಿಯೂ ಅಲ್ಲ, ಮೌನದ ಹೆದರಿಕೆಗೆ.

ನಮ್ಮ ಊರಲ್ಲಿ ಕೋಚ್ ಇಲ್ಲ, ಮೈದಾನ ಇಲ್ಲ. ಮನಸ್ಸಿದ್ದರೆ ಸಾಕಾ?

ಸಾಲದು. ಸೌಲಭ್ಯ ಕೇಳುವುದು ನಿಮ್ಮ ಹಕ್ಕು, ಕೇಳುತ್ತಲೇ ಇರಿ. ಭಾರತ ತಂಡಕ್ಕೆ ಆಡಿದ ಗದಗಿನ ಸುನಿಲ್ ಜೋಶಿ ಹುಡುಗನಾಗಿದ್ದಾಗ ಬೆಳಗಿನ ಜಾವ ಗದಗಿನಿಂದ ಹುಬ್ಬಳ್ಳಿಗೆ ಬಂದು ಕ್ರಿಕೆಟ್ ಅಭ್ಯಾಸ ಮಾಡಿ, ವಾಪಸ್ ಹೋಗಿ ಶಾಲೆ ಸೇರುತ್ತಿದ್ದರು. ಒಂದು ಕಡೆಗೇ 60 ಕಿಲೋಮೀಟರ್ ಹತ್ತಿರ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರಿನಲ್ಲಿ ಬರೀ 6 ರನ್ ಕೊಟ್ಟು 5 ವಿಕೆಟ್ ತೆಗೆದವರು ಅವರೇ. ಈ ಕಥೆಯನ್ನು ‘ನೋಡು, ಕಷ್ಟಪಟ್ಟರೆ ಎಲ್ಲ ಆಗುತ್ತೆ’ ಅಂತ ಮುಗಿಸುವುದು ನನಗೆ ಒಪ್ಪಿಗೆ ಇಲ್ಲ. ಆ ಹುಡುಗನನ್ನು ನಸುಕಿನಲ್ಲಿ ಎಬ್ಬಿಸಿದ ಮನೆ ಇತ್ತು, ಹುಬ್ಬಳ್ಳಿಯಲ್ಲಿ ಆಡಲು ಜಾಗ ಇತ್ತು. ಎರಡೂ ಇಲ್ಲದ ಎಷ್ಟು ಮಕ್ಕಳು ಅದೇ ಗದಗಿನಲ್ಲಿ ಇದ್ದರೋ.

ಸದ್ಯಕ್ಕೆ ಇರುವುದನ್ನು ಬಳಸಿ. ಕೆಲಗೇರಿ, ಉಣಕಲ್ ಕೆರೆ ದಂಡೆ, ನೃಪತುಂಗ ಬೆಟ್ಟದ ಏರು, ಹಳ್ಳಿಯ ಹೊಲದ ದಾರಿ, ಎಲ್ಲವೂ ಓಡಲು ಬರುತ್ತವೆ. ಡಾಂಬರಿಗಿಂತ ಮಣ್ಣಿನ ದಾರಿ ಮೊಣಕಾಲಿಗೆ ಹಿತ.

ಯಾವಾಗ ಡಾಕ್ಟರ್ ಹತ್ತಿರ ಹೋಗಬೇಕು?

ಬೆಳಿಗ್ಗೆ ಎದ್ದ ಕೂಡಲೇ ನೋಡುವ ನಾಡಿಬಡಿತ ಒಂದು ವಾರ ಮಾಮೂಲಿಗಿಂತ ಜಾಸ್ತಿ ಇದ್ದರೆ, ನಿದ್ದೆ ಕೆಟ್ಟಿದ್ದರೆ, ಸುಮ್ಮಸುಮ್ಮನೆ ಸಿಡುಕುತ್ತಿದ್ದರೆ, ಅಭ್ಯಾಸ ಮಾಡಿದಷ್ಟೂ ಸಮಯ ಕೆಡುತ್ತಿದ್ದರೆ, ಮೊದಲು ನಾಲ್ಕೈದು ದಿನ ಆರಾಮ ಕೊಡಿ. ಸರಿಹೋಗದಿದ್ದರೆ ತೋರಿಸಿ. ಓಡುವಾಗ ಎದೆನೋವು ಬಂದರೆ, ತಲೆ ತಿರುಗಿ ಬಿದ್ದರೆ ಅದೇ ದಿನ ಹೋಗಿ.

ಮನಸ್ಸಿಗೂ ಡಾಕ್ಟರ್ ಇದ್ದಾರೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ, 2021ರಲ್ಲಿ, ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಗಾಳಿಯಲ್ಲಿ ತಿರುಗುವಾಗ ದಿಕ್ಕೇ ತಿಳಿಯುತ್ತಿಲ್ಲ ಅಂತ ಹೆಚ್ಚಿನ ಸ್ಪರ್ಧೆಗಳಿಂದ ಹಿಂದೆ ಸರಿದರು. ‘ಗಟ್ಟಿ ಮನಸ್ಸಿಲ್ಲ’ ಅಂತ ಬೈದವರೂ ಇದ್ದರು. 2024ರಲ್ಲಿ ಪ್ಯಾರಿಸ್‌ಗೆ ಬಂದು ಮೂರು ಚಿನ್ನ, ಒಂದು ಬೆಳ್ಳಿ ಗೆದ್ದರು. ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಫೋನಿನಲ್ಲಿ ಮಾತಾಡಬೇಕಾದರೆ ಟೆಲಿ-ಮಾನಸ್ ಸಹಾಯವಾಣಿ 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ನಾಳೆ ಬೆಳಿಗ್ಗೆ ಭರ್ತಿ. ಇವತ್ತು ಏನು ಮಾಡಲಿ?

ಹೊಸದೇನೂ ಮಾಡಬೇಡಿ. ಹೊಸ ಶೂ, ಹೊಸ ಊಟ, ಗೆಳೆಯ ಕೊಟ್ಟ ಮಾತ್ರೆ, ಯಾವುದೂ ಬೇಡ. ಸಂಜೆ ಹತ್ತು-ಹದಿನೈದು ನಿಮಿಷ ಹಗುರಾಗಿ ಓಡಿ ನಿಲ್ಲಿಸಿ. ಊರು ದೂರ ಇದ್ದರೆ ಹಿಂದಿನ ದಿನವೇ ತಲುಪಿ. ರಾತ್ರಿ 8ರೊಳಗೆ ರೂಢಿಯ ಊಟ ಮಾಡಿ, ಖಾರ ಸ್ವಲ್ಪ ಕಡಿಮೆ ಇರಲಿ, ಬ್ಯಾಡಗಿ ಮೆಣಸಿನಕಾಯಿ ಎಲ್ಲೂ ಓಡಿಹೋಗುವುದಿಲ್ಲ. ನಿದ್ದೆ ಸರಿಯಾಗಿ ಬರದಿದ್ದರೆ ಗಾಬರಿ ಬೇಡ. ಒಂದು ರಾತ್ರಿಯ ನಿದ್ದೆ ಕೆಟ್ಟರೆ ಆರು ನಿಮಿಷದ ಓಟಕ್ಕೆ ದೊಡ್ಡ ಪೆಟ್ಟಾಗುವುದಿಲ್ಲ, ಹಿಂದಿನ ಇಡೀ ವಾರ ಚೆನ್ನಾಗಿ ಮಲಗಿದ್ದರೆ ಆಯಿತು. ಬೆಳಿಗ್ಗೆ ಓಟಕ್ಕೆ ಒಂದು ತಾಸು ಮೊದಲು ಒಂದು ಬಾಳೆಹಣ್ಣು, ಒಂದು ಲೋಟ ನೀರು. ಹೊಟ್ಟೆ ಖಾಲಿ ಮಾಡಿಕೊಳ್ಳಲು ಸಮಯ ಇಟ್ಟುಕೊಳ್ಳಿ, ಅಲ್ಲಿ ಶೌಚಾಲಯಕ್ಕೆ ಉದ್ದ ಸಾಲು ಇರುತ್ತದೆ. ಕರೆಪತ್ರ, ಆಧಾರ್, ಅಂಕಪಟ್ಟಿಯ ಮೂಲ ಪ್ರತಿ, ಎರಡೆರಡು ಜೆರಾಕ್ಸ್, ನಾಲ್ಕು ಫೋಟೋ, ಎಲ್ಲ ಇವತ್ತೇ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬ್ಯಾಗಿಗೆ ಸೇರಿಸಿಬಿಡಿ.